ನರಿಗೆ ತಕ್ಕ ಕೋವಿ

ಕೋವಿಯನ್ನು ಆರಿಸುವುದು ಕೊಡೆಯನ್ನು ಆರಿಸಿದಂತಲ್ಲ. ಕೊಡೆಯ ಆಯ್ಕೆ ತಪ್ಪಿದರೆ ಹಿಡಿದವನೊಬ್ಬನೇ ನೆನೆಯುವನು. ಕೋವಿಯ ಆಯ್ಕೆ ತಪ್ಪಿದರೆ ಫಲವನ್ನು ಉಣ್ಣುವವರು ಬೇರೆಯವರು. ಇದನ್ನು ಅನುಭವದಿಂದ ಬಲ್ಲ ಹಿರಿಯರೊಬ್ಬರು ಮಂಗಳೂರಿನ ಬಲ್ಮಠದಲ್ಲಿದ್ದಾರೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಆ ಗುಡ್ಡದ ಇಳಿಜಾರಿನಲ್ಲಿ, ಹೆಂಚಿನ ಮಾಡಿನ ಹಳೆಯ ಮನೆಯೊಂದರಲ್ಲಿ, ಅವರ ವಾಸ. ವೃತ್ತಿಯಿಂದ ಗಣಿತದ ಉಪಾಧ್ಯಾಯರು. ನಿವೃತ್ತರಾಗಿ ಇಪ್ಪತ್ತು ವರ್ಷಗಳಾದುವು. ಬೆಳ್ತಂಗಡಿಯ ಕಡೆಯಲ್ಲಿ ಪಿತ್ರಾರ್ಜಿತವಾದ ಅಡಕೆಯ ತೋಟವೂ, ಅದರ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಹನ್ನೆರಡು ಬೋರಿನ ಕೋವಿಯೂ ಅವರ ಪಾಲಿಗೆ ಬಂದಿವೆ.

ತೋಟವನ್ನು ಈಗ ನೋಡಿಕೊಳ್ಳುವವನು ಅವರ ಮೊಮ್ಮಗ. ಇಂಗ್ಲೆಂಡಿನಲ್ಲಿ ಎರಡು ವರ್ಷ ಕೃಷಿವಿದ್ಯೆಯನ್ನು ಕಲಿತು ಬಂದ ಉತ್ಸಾಹಿ ತರುಣ. ಅವನು ಸಾಕಿದ ಊರಕೋಳಿಗಳಲ್ಲಿ ಹದಿನಾಲ್ಕನ್ನು ಒಂದೇ ವಾರದೊಳಗೆ ನರಿಗಳು ಹೊತ್ತೊಯ್ದುವು. ತುಳುವರು ಕುದ್ಕೆಯೆಂದು ಕರೆಯುವ ಆ ಪ್ರಾಣಿಯ ಮೇಲಿನ ಕೋಪದಿಂದ ಅವನು ಬಲ್ಮಠಕ್ಕೆ ಬಂದು, ಅಜ್ಜನ ಮುಂದೆ ಅಂಕಿಗಳಿಂದ ತುಂಬಿದ ಕಾಗದವೊಂದನ್ನು ಬಿಡಿಸಿದನು.

“ಅಜ್ಜಾ, ಈ ಹಳೆಯ ಕೋವಿಯಿಂದ ಏನೂ ಆಗದು. ಅಲ್ಲಿಯ ರೈತರು ನರಿಗೆಂದು .223ರ ರೈಫಲನ್ನು ಹಿಡಿಯುತ್ತಾರೆ. ನಮಗೂ ಅಂತಹುದೊಂದು ಬೇಕು.”

ಹಿರಿಯರು ಕನ್ನಡಕವನ್ನೇರಿಸಿ ಕಾಗದವನ್ನು ಓದಿದರು. ಅಂಕಿಗಳೆಂದರೆ ಅವರಿಗೆ ಹಳೆಯ ಸ್ನೇಹ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮಾನ ಗುಂಡುಗಳಾಗಿ ಮಾಡಿದರೆ ಅವುಗಳಲ್ಲೊಂದರ ವ್ಯಾಸವೇ ಹನ್ನೆರಡು ಬೋರು. ಅಂದರೆ ಸುಮಾರು 18.5 ಮಿಲಿಮೀಟರು. ಆದುದರಿಂದಲೇ ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುವುದು. ರೈಫಲಿನ ಲೆಕ್ಕವಾದರೋ ನೇರವಾಗಿ ಅಂಗುಲದ ದಶಾಂಶದಲ್ಲಿ. .223ರ ಗುಂಡು ಮೂರೂವರೆ ಗ್ರಾಮಿನಷ್ಟೇ ತೂಗಿದರೂ ಸೆಕೆಂಡಿಗೆ ಒಂಬೈನೂರು ಮೀಟರಿಗೂ ಮಿಕ್ಕಿದ ವೇಗದಿಂದ ಹೊರಡುವುದು. ಸಣ್ಣದೆಂದು ಜನರು ಹಗುರವಾಗಿ ಕಾಣುವ .22ರ ಗುಂಡು ಸಹ ಒಂದೂವರೆ ಮೈಲಿಯವರೆಗೆ ಹೋಗಬಲ್ಲುದು. ನಮ್ಮ ಸರಕಾರದ ಕಾರ್ಖಾನೆಗಳು ನಾಗರಿಕರಿಗೆಂದು ತಯಾರಿಸಿದ .315ರ ರೈಫಲು ಎಂಟು ಮಿಲಿಮೀಟರಿನದು. ಹತ್ತು ಕಿಲೋ ತೂಗುವ ನರಿಗೆ ಅದು ಅತಿಯಾಯಿತು. ಚರೆ ತುಂಬಿದ ಹನ್ನೆರಡು ಬೋರಿನ ತೋಟೆಯಾದರೋ ನಲವತ್ತು ಗಜದಾಚೆಗೆ ನಂಬತಕ್ಕದ್ದಲ್ಲ.

“ಲೆಕ್ಕ ಸರಿಯಾಗಿದೆ, ಮಗಾ. ಆದರೆ ಒಂದು ಅಂಕಿಯನ್ನು ಬಿಟ್ಟಿರುವೆ. ನರಿಯ ಹಿಂದೆ ಏನಿದೆ?”

ತರುಣನು ಉತ್ತರಿಸಲಿಲ್ಲ. ಇಂಗ್ಲೆಂಡಿನ ರೈತನು ಗುಂಡನ್ನು ತಡೆಯುವ ಮಣ್ಣಿನ ದಿಣ್ಣೆಯನ್ನು ನೋಡಿಕೊಂಡೇ ಕುದುರೆಯನ್ನೆಳೆಯುವನು. ಇಲ್ಲಿಯಾದರೋ ತೋಟಕ್ಕೆ ತಾಗಿ ತೋಟ, ತೋಟದ ನಡುವೆ ಮನೆ. ದಿಣ್ಣೆಯೆಂದರೆ ಮುರಕಲ್ಲು, ತಗಲಿದ ಗುಂಡನ್ನು ಅತ್ತಿತ್ತ ಸಿಡಿಸುವಂತಹುದು.

ಬಳಿಕ ಹಿರಿಯರು ಮನೆಯಲ್ಲಿ ಅದುವರೆಗೆ ಯಾರಿಗೂ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು. 1968ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವರು ಇದೇ ಕೋವಿಗೆ ಹಕ್ಕಿಗೆಂದಿದ್ದ ಸಣ್ಣ ಚರೆಯ ತೋಟೆಯನ್ನು ಹಾಕಿ, ಎಪ್ಪತ್ತು ಗಜ ದೂರದ ನರಿಯೊಂದಕ್ಕೆ ಗುಂಡು ಹಾರಿಸಿದ್ದರು. ಅದು ಸಾಯಲಿಲ್ಲ, ಹಿಂಗಾಲನ್ನೆಳೆಯುತ್ತ ಗುಡ್ಡೆಯನ್ನೇರಿತು. ಮೂರು ರಾತ್ರಿ ಅದರ ನರಳು ಮನೆಯವರೆಗೂ ಕೇಳಿಸಿತು. ನಾಲ್ಕನೆಯ ಬೆಳಗ್ಗೆ ತಂದೆ ಮಗನನ್ನು ಕರೆದೊಯ್ದು, ಮುಳ್ಳುಪೊದೆಯೊಳಗಿನ ಆ ಹೆಣವನ್ನು ಅವನಿಂದಲೇ ಹೂಳಿಸಿದರು, ಬೈಯಲಿಲ್ಲ. ಆ ಮೌನವೇ ಪಾಠವಾಯಿತು. ಅಳತೆಗೆ ಹೆಚ್ಚಾದ ಗುಂಡು ನೆರೆಯವನಿಗೆ ಅಪಾಯ, ಕಡಮೆಯಾದ ಗುಂಡು ಪ್ರಾಣಿಗೆ ಯಾತನೆ. ಆ ದಿನದಿಂದ ಅವರು ಕೋವಿಗೆ ಎಣ್ಣೆ ಹಚ್ಚಿದರಲ್ಲದೆ ತೋಟೆಯನ್ನು ತುಂಬಲಿಲ್ಲ. ಪ್ರತಿ ಚುನಾವಣೆಗೂ ಅದನ್ನು ಪೊಲೀಸು ಠಾಣೆಯಲ್ಲಿಟ್ಟು, ಮುಗಿದ ಮೇಲೆ ತಪ್ಪದೆ ತಂದರು. ತಂದೆಯ ಕೈ ಸವೆಸಿದ ಮರದ ಹಿಡಿಯನ್ನು ಬಿಟ್ಟುಕೊಡಲು ಮನಸ್ಸು ಬಾರದು.

“ಅದಿರಲಿ, ಈಗ ಕಾನೂನೇ ನಿನ್ನ ಪ್ರಶ್ನೆಯನ್ನು ಮುಗಿಸಿದೆ,” ಎಂದರವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯು 2023ರ ಎಪ್ರಿಲ್ 1ರಿಂದ ಜಾರಿಗೆ ಬಂದು, ನರಿಯನ್ನು ಮೊದಲನೆಯ ಅನುಸೂಚಿಗೆ ಏರಿಸಿದೆ. ಮನುಷ್ಯನ ಪ್ರಾಣಕ್ಕೆ ಅಪಾಯವಾದಾಗಲೋ, ಪ್ರಾಣಿಯೇ ಗುಣವಾಗದಷ್ಟು ಜರ್ಜರಿತವಾದಾಗಲೋ ಅಧಿಕಾರಿಗಳ ಅಪ್ಪಣೆ ದೊರೆತೀತು, ಕೋಳಿಗಾಗಿ ದೊರೆಯದು.

“ಹಾಗಾದರೆ ನನ್ನ ಹದಿನಾಲ್ಕು ಕೋಳಿಗಳಿಗೆ ನ್ಯಾಯವೆಲ್ಲಿ?” ಎಂದನು ತರುಣ.

ಪ್ರಶ್ನೆ ಹಗುರವಾದುದಲ್ಲ, ಸಾಲ ಮಾಡಿ ಕೋಳಿ ಸಾಕಿದವನ ನಷ್ಟವು ಕಾಯಿದೆಯ ಪುಟವನ್ನೋದಿ ತೀರುವಂತಹುದಲ್ಲ. ಹಿರಿಯರಿಗೂ ಅದು ಗೊತ್ತು. ಅವರು ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಗೂಡಿನ ಚಿತ್ರವನ್ನು ಬರೆದರು: ಸುತ್ತಲೂ ಅರ್ಧ ಅಂಗುಲ ಕಣ್ಣಿನ ತಂತಿಯ ಬಲೆ, ನೆಲದೊಳಗೆ ಅದರದೇ ಒಂದು ಅಡಿ, ಮುಸ್ಸಂಜೆಗೆ ಮುಂಚೆ ಮುಚ್ಚುವ ಬಾಗಿಲು, ಸತ್ತ ಕೋಳಿಯನ್ನು ಎಸೆಯದೆ ಹೂಳಲು ಆಳವಾದ ಗುಂಡಿ. ಎಳನೀರನ್ನು ಕೊರೆಯುವ ಇಲಿಗಳನ್ನು ತಿನ್ನುವುದು ಸಹ ಅದೇ ನರಿಯೆಂದು ಕೆಳಗೆ ಬರೆದರು. ಅರ್ಧ ವೆಚ್ಚವನ್ನು ತಮ್ಮ ಪಿಂಚಣಿಯಿಂದ ಕೊಟ್ಟರು.

ತರುಣನು ಪೂರ್ಣ ಸಮಾಧಾನದಿಂದೇನೂ ಹಿಂದಿರುಗಲಿಲ್ಲ. ಆದರೂ ತಿಂಗಳು ಕಳೆದ ಮೇಲೆ ಬಲ್ಮಠಕ್ಕೆ ಒಂದು ಬುಟ್ಟಿ ಮೊಟ್ಟೆ ಬಂದಿತು. ಕೋವಿಯ ಪರವಾನಗಿಯ ಐದು ವರ್ಷದ ಅವಧಿ ಆ ವೇಳೆಗೆ ತೀರುತ್ತಲಿತ್ತು. ಹಿರಿಯರು ನವೀಕರಣದ ಅರ್ಜಿಯನ್ನು ಮೇಜಿನ ಮೇಲೆ ಎರಡು ದಿನ ಇಟ್ಟುಕೊಂಡಿದ್ದು, ಮೂರನೆಯ ದಿನ ಅದನ್ನು ಮಡಚಿಟ್ಟು, ಕೋವಿಯನ್ನು ಕೊನೆಯ ಬಾರಿ ಒರಸಿ ಠಾಣೆಗೆ ಒಪ್ಪಿಸಲು ಹೊರಟರು. ಈ ಸಲ ಅವರೊಡನೆ ಮೊಮ್ಮಗನೂ ಇದ್ದನು. ದಾರಿಯುದ್ದಕ್ಕೂ ಕೋವಿಯನ್ನು ಹೊತ್ತವನು ಅವನೇ.