ಚಕ್ರದ ಮೇಲೊಂದು ಮನೆ

ಸಂಜಯನಗರದ ಅಡ್ಡರಸ್ತೆಯೊಂದರ ಮನೆಯಲ್ಲಿ, ಮಂಚದ ಕೆಳಗೆ, ಎರಡು ದೊಡ್ಡ ಪೆಟ್ಟಿಗೆಗಳು ಹತ್ತು ತಿಂಗಳ ಕಾಲ ಕದಲದೆ ಬಿದ್ದಿದ್ದವು. ಜರ್ಮನಿಯಲ್ಲಿದ್ದ ಮಗಳ ಬಾಣಂತನಕ್ಕೆಂದು ತಾಯಿ ತುಂಬಿಸಿದ ಪೆಟ್ಟಿಗೆಗಳು ಅವು. 2020ರ ಏಪ್ರಿಲಿನಲ್ಲಿ ಗಂಡ ಹೆಂಡಿರು ಹೊರಡಬೇಕಾಗಿತ್ತು. ಮಾರ್ಚ್ ತಿಂಗಳಲ್ಲಿ ಕೊರೋನಾದ ದೆಸೆಯಿಂದ ವಿದೇಶ ವಿಮಾನ ಸಂಚಾರವೇ ನಿಂತಿತು. ಮೇ ತಿಂಗಳಲ್ಲಿ ಮಗಳು ಹೆತ್ತಳು. ಎಣ್ಣೆ ತಿಕ್ಕಿ ನೀರೆರೆಯಬೇಕಾದ ಕೈಗಳು ಸಂಜಯನಗರದಲ್ಲಿಯೇ ಉಳಿದವು. ಪೆಟ್ಟಿಗೆಯ ಅಂಟಿನುಂಡೆಗಳನ್ನು ಮನೆಯವರೇ ತಿಂದು ಮುಗಿಸಿದರು. ಹಳೆಯ ಹತ್ತಿ ಸೀರೆಗಳನ್ನು ಹರಿದು ಮಡಿಸಿಟ್ಟಿದ್ದ ಮೆತ್ತನೆಯ ಬಟ್ಟೆಗಳನ್ನು ಮಾತ್ರ ಯಾರೂ ಹೊರತೆಗೆಯಲಿಲ್ಲ.

2021ರ ಸಂಕ್ರಾಂತಿ ಕಳೆದ ಮೇಲೆ, ನಿವೃತ್ತ ಉಪಾಧ್ಯಾಯರಾದ ಯಜಮಾನರು ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಬಂದರು.

“ಅಲ್ಲಾರೀ, ಮಗೂನ ನೋಡೋದಕ್ಕೆ ಅಂತ ಕೂಡಿಟ್ಟ ದುಡ್ಡು. ಅದರಲ್ಲಿ ಊರು ಸುತ್ತೋದೆ?”

“ಎರಡು ದಿನದ ಬಾಡಿಗೆ ಕಣೇ, ಅಷ್ಟೆ. ಈ ಗೋಡೆಗಳನ್ನ ನೋಡೀ ನೋಡೀ ನಿನಗೂ ಸಾಕಾಗಿದೆ.”

ಹೋಟೆಲಿನ ಕೋಣೆಯಲ್ಲಿ ತಂಗಲು ಜನ ಅಂಜುತ್ತಿದ್ದ ಕಾಲ ಅದು. ಈ ವಾಹನದಲ್ಲಾದರೋ ಮಲಗಲು ಹಾಸಿಗೆ, ಪುಟ್ಟದೊಂದು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರಿನ ಟ್ಯಾಂಕು, ಶೌಚಾಲಯ, ಎಲ್ಲವೂ ಉಂಟು. ಅಡ್ಡರಸ್ತೆಯೊಳಕ್ಕೆ ತಿರುಗಲಾರದೆ ಅದು ಮುಖ್ಯರಸ್ತೆಯಲ್ಲಿಯೇ ನಿಂತಿತು. ಅಕ್ಕಿ, ಬೇಳೆ, ಒಂದು ಚೀಲ ಅವರೆಕಾಯಿ ಹೊತ್ತು ಗೃಹಿಣಿ ಒಳಹೊಕ್ಕು ಸುತ್ತ ನೋಡಿದರು. ಬಾಲ್ಯದಲ್ಲಿ ನಂದಿಯ ಶಿವರಾತ್ರಿ ಜಾತ್ರೆಗೆ ಕಮಾನುಗಾಡಿಯಲ್ಲಿ ಹೋಗುತ್ತಿದ್ದುದು ಅವರಿಗೆ ನೆನಪಾಯಿತು. ಆಗಲೂ ಪಾತ್ರೆ ಪಡಗ ಗಾಡಿಯಲ್ಲೇ, ಅಡುಗೆ ಮರದಡಿಯಲ್ಲೇ, ನಿದ್ರೆ ಹುಲ್ಲಿನ ಮೆತ್ತೆಯ ಮೇಲೆ. ಎತ್ತುಗಳಿಲ್ಲವೆಂಬುದೊಂದೇ ಈಗಿನ ವ್ಯತ್ಯಾಸ!

ಮೊದಲ ನಿಲುಗಡೆ ಮನೆಯಿಂದ ಕೂಗಳತೆಗೆ ತುಸು ಆಚೆ, ಹೆಬ್ಬಾಳದಲ್ಲಿ. 2018ರಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆದಾಗ ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಹೊರಬಂದಿತು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊಳಲ್ ನಾಡಿನ ಮೇಲೆ ದಾಳಿ ನಡೆದಾಗ, ಹೋರಾಡಿ ಮಡಿದ ಕಿಟ್ಟಯ್ಯನೆಂಬ ವೀರನ ಕಲ್ಲು ಅದು. ಪೆರ್ಬೊಳಲೇ ಇಂದಿನ ಹೆಬ್ಬಾಳ. ಬೆಂಗಳೂರಿನಲ್ಲಿ ದೊರೆತ ಅತಿ ಪ್ರಾಚೀನ ಕನ್ನಡ ಬರವಣಿಗೆಗಳಲ್ಲಿ ಅದಕ್ಕೆ ಅಗ್ರಸ್ಥಾನ. ಆಸಕ್ತ ನಾಗರಿಕರ ಕಾಳಜಿಯಿಂದ ಅದು ಮತ್ತೆ ಮಣ್ಣುಪಾಲಾಗದೆ ಉಳಿದಿದೆ.

“ತಾತ, ಇದು ನಮ್ಮನೆ ಹತ್ತಿರಾನೇ ಇತ್ತಾ?” ಎಂದು ಜೊತೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗ ಕೇಳಿದ. ದಿನವೂ ಹೆಬ್ಬಾಳದ ಮೇಲುಸೇತುವೆಯನ್ನು ಶಪಿಸುತ್ತ ದಾಟುತ್ತಿದ್ದ ತಾತನಿಗೆ ಉತ್ತರ ಹೇಳಲು ಸಂಕೋಚವಾಯಿತು.

ಬಳ್ಳಾರಿ ರಸ್ತೆಯಲ್ಲಿ ವಾಹನ ಉತ್ತರಕ್ಕೆ ಸಾಗಿತು. ನಾಡಪ್ರಭುಗಳ ಯಲಹಂಕ ಹಿಂದಾಯಿತು. ಮುಂದೆ ವಿಮಾನ ನಿಲ್ದಾಣದತ್ತ ಕವಲೊಡೆಯುವ ದಾರಿಯ ದೊಡ್ಡ ಫಲಕ ಕಾಣಿಸಿತು. ಏಪ್ರಿಲಿನಲ್ಲಿ ಹೊರಳಬೇಕಾಗಿದ್ದ ದಾರಿ ಅದು. ಗೃಹಿಣಿ ಮಾತಿಲ್ಲದೆ ಇನ್ನೊಂದು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ವಾಹನ ನೇರವಾಗಿ ಸಾಗಿ ದೇವನಹಳ್ಳಿಯನ್ನು ಹಾದುಹೋಯಿತು.

ಸಂಜಯನಗರದಿಂದ ನಂದಿಗೆ ಐವತ್ತು ಕಿಲೋಮೀಟರುಗಳಿಗೆ ತುಸು ಹೆಚ್ಚು. ಬೆಟ್ಟದ ತಪ್ಪಲಿನಲ್ಲಿ, ಒಡೆಯರ ಅನುಮತಿ ಪಡೆದು, ದ್ರಾಕ್ಷಿ ತೋಟವೊಂದರ ಅಂಚಿನಲ್ಲಿ ರಾತ್ರಿ ಬೀಡುಬಿಟ್ಟರು. ಹಿತಕಿದ ಅವರೆಬೇಳೆಯ ಸಾರಿನ ಘಮ ತೋಟದ ಚಳಿಗಾಳಿಯಲ್ಲಿ ಬೆರೆಯಿತು. ಎದುರಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟ ಕಪ್ಪಾಗಿ ಮಲಗಿತ್ತು. ಅರ್ಕಾವತಿ, ಪಾಲಾರ್, ಉತ್ತರ ದಕ್ಷಿಣ ಪಿನಾಕಿನಿಗಳು ಈ ಬೆಟ್ಟಸಾಲಿನ ಆಸುಪಾಸಿನಲ್ಲಿಯೇ ಹುಟ್ಟಿ ಬೇರೆಬೇರೆ ದಿಕ್ಕಿಗೆ ಹರಿದುಹೋಗುತ್ತವೆ. “ನೀರು ಕೂಡ ಹುಟ್ಟಿದ ಕಡೆ ನಿಲ್ಲೋದಿಲ್ಲ,” ಎಂದರು ಗೃಹಿಣಿ. ಯಾರನ್ನು ನೆನೆದು ಆಡಿದ ಮಾತೆಂದು ಯಜಮಾನರು ಕೇಳಲಿಲ್ಲ.

ಮರುದಿನ ನಂದಿ ಗ್ರಾಮದ ಭೋಗನಂದೀಶ್ವರನ ದರ್ಶನ. ಒಂಬತ್ತನೆಯ ಶತಮಾನದಲ್ಲಿ ನೊಳಂಬರ ಕಾಲಕ್ಕೆ ಮೊದಲಾಗಿ, ಮುಂದಿನ ಅರಸುಮನೆತನಗಳಿಂದ ಬೆಳೆದ ದೇಗುಲವಿದು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ, ಹೀಗೆ ಮೂರು ಗುಡಿಗಳು ಸಾಲಾಗಿವೆ. ಅರುಣಾಚಲನಲ್ಲಿ ಶಿವನ ಬಾಲ್ಯ, ಭೋಗನಂದೀಶ್ವರನಲ್ಲಿ ಯೌವನ, ಬೆಟ್ಟದ ಮೇಲಣ ಯೋಗನಂದೀಶ್ವರನಲ್ಲಿ ವಿರಕ್ತಿ ಎಂದು ಭಕ್ತರು ಭಾವಿಸುತ್ತಾರೆ. ಉಮಾಮಹೇಶ್ವರನ ಮುಂದಣ ಕಲ್ಯಾಣ ಮಂಟಪದ ನುಣುಪಾದ ಕಂಬಗಳಲ್ಲಿ ಬಳ್ಳಿ, ಗಿಳಿ, ದೇವದಂಪತಿಗಳು ಕಡೆದು ನಿಂತಿದ್ದಾರೆ.

ಮಧ್ಯಾಹ್ನ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಮಗಳ ಕರೆ ಬಂದಿತು. ಅಲ್ಲಿ ಆಗಷ್ಟೆ ಬೆಳಗು. ಫೋನಿನ ಪರದೆಯಲ್ಲಿ ಎಂಟು ತಿಂಗಳ ಕೂಸು ಕೈ ಬಡಿಯಿತು. ಅಜ್ಜಿ ಫೋನನ್ನು ತಿರುಗಿಸಿ ಕಲ್ಯಾಣಿಯ ನೀರನ್ನೂ ಗೋಪುರವನ್ನೂ ಬೆಟ್ಟವನ್ನೂ ಒಂದೊಂದಾಗಿ ತೋರಿಸಿದರು.

“ಅಮ್ಮಾ, ನಾನೂ ಅಲ್ಲಿಗೇ ಬಂದುಬಿಡಬೇಕು ಅನ್ನಿಸುತ್ತೆ,” ಎಂದಳು ಮಗಳು.

ಅಲ್ಲಿಯವರೆಗೆ ತಡೆದಿದ್ದ ಕಣ್ಣೀರು ಅಜ್ಜಿಗೆ ಆಗ ಉಕ್ಕಿತು. ನಂದಿಯ ಪ್ರಯಾಣ ಮಗಳ ಮನೆಗೆ ಬದಲಿಯಾಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ಆದರೆ ಗೋಡೆಗಳ ನಡುವೆ ಹತ್ತು ತಿಂಗಳು ಹೆಪ್ಪುಗಟ್ಟಿದ್ದ ದುಃಖ ಆ ಮೆಟ್ಟಿಲ ಮೇಲೆ ಕರಗಿತು. ಸಂಜೆ ವಾಹನವನ್ನು ಒಪ್ಪಿಸಿ ಮನೆ ಸೇರಿದ ಮೇಲೆ ಅವರು ತಾವಾಗಿ ಪೆಟ್ಟಿಗೆಯನ್ನು ಹೊರಗೆಳೆದು ಬಟ್ಟೆಗಳನ್ನು ಬಿಸಿಲಿಗೆ ಹಾಕಲು ತೆಗೆದಿಟ್ಟರು.

ನಿಯತ ವಿದೇಶ ವಿಮಾನಗಳು 2022ರ ಮಾರ್ಚ್ 27ರಂದು ಮತ್ತೆ ಆರಂಭವಾದವು. ಆ ಜೂನಿನಲ್ಲಿ ದಂಪತಿಗಳು ಕವಲುದಾರಿಯಲ್ಲಿ ನಿಲ್ದಾಣದತ್ತ ಹೊರಳಿದರು. ಬಾಣಂತನದ ಕಾಲ ಮೀರಿ ಎಷ್ಟೋ ದಿನವಾಗಿತ್ತು. ಎರಡು ತುಂಬಿದ ಮೊಮ್ಮಗು ಬಾಗಿಲಿಗೆ ನಡೆದೇ ಬಂದಿತು.