ದುರ್ಗದ ಬಂಡೆ, ವ್ಯಾನಿನ ನಿದ್ದೆ

ನಾಡೆಲ್ಲಾ ಸುತ್ತಿದರೂ ನನ್ನ ಮನಸ್ಸು ನಿಲ್ಲೋದು ಚಿತ್ರದುರ್ಗದಲ್ಲೇ ಗುರೂ! ಹಳೇ ವ್ಯಾನು, ಹಿಂದೆ ಹಾಸಿಗೆ, ಪುಟ್ಟ ಸ್ಟೌ, ನಾವು ಮೂವರು. 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಕೋಟೆ ಹತ್ತಿದೆವು. ಓಬವ್ವನ ಕಿಂಡಿಯಲ್ಲಿ ನುಸುಳುವಾಗ ಎದೆ ಢವಢವ!

ಕೆಳಗಿಳಿದಾಗ ಕತ್ತಲು. “ರಾತ್ರೋರಾತ್ರಿ ದಾವಣಗೆರೆಗೆ ಬಿಡೋಣ, ಬೆಳಿಗ್ಗೆ ಬೆಣ್ಣೆ ದೋಸೆ!” ಅಂದ ವ್ಯಾನು ಓಡಿಸುವ ಗೆಳೆಯ. ಅವನ ಕಣ್ಣು ಆಗಲೇ ನಿದ್ದೆಗೆ ಎಳೆಯುತ್ತಿತ್ತು. ಆ ದಾರಿಯಲ್ಲೇ ಆನಗೋಡು. 1990ರ ಸೆಪ್ಟೆಂಬರ್ 30ರಂದು ಅಪಘಾತ ನಮ್ಮ ಶಂಕರ್‌ನಾಗ್ ಅವರನ್ನು ಕಿತ್ತುಕೊಂಡ ಜಾಗ. ಬೀಗದಕೈ ನನ್ನ ಜೇಬು ಸೇರಿತು. ಅವನು ಮುಖ ಊದಿಸಿಕೊಂಡ. ವ್ಯಾನಿನಲ್ಲೇ ಚಿತ್ರಾನ್ನ, ಅಲ್ಲೇ ನಿದ್ದೆ.

ಬೆಳಿಗ್ಗೆ ಬಂಡೆಗಳ ಮೇಲೆ ಬಿಸಿಲೇರಿದಾಗ ಅವನೇ ಅಂದ: “ದೋಸೆ ಎಲ್ಲೂ ಓಡಿಹೋಗಲ್ಲ, ಬಿಡೋ.”

ಗೆಳೆಯರೇ, ವ್ಯಾನಿರೋದು ಓಡಿಸೋಕಷ್ಟೇ ಅಲ್ಲ, ಮಲಗೋಕೂ!