ಅಂಕಿಯ ವೇಗವೂ ಅಂಗಳದ ವೇಗವೂ

ಮೋಟಾರು ಪಂದ್ಯವೆಂದೊಡನೆ ಗೃಹಸ್ಥರು ಹುಬ್ಬುಗಂಟಿಕ್ಕುವುದು ಸಹಜವೇ. ಅದು ಧನಕ್ಕೂ ಪ್ರಾಣಕ್ಕೂ ಕೇಡೆಂದು ಅವರ ಭಾವನೆ. ಆದರೆ ಅಮೆರಿಕದಲ್ಲಿ ಆಟೋಕ್ರಾಸ್ ಎಂಬುದೊಂದು ಪಂದ್ಯವುಂಟು. ಸಂಸಾರಿಯಾದವನೂ ತನ್ನ ನಿತ್ಯದ ಕಾರಿನಲ್ಲಿಯೇ ಅದಕ್ಕೆ ಇಳಿಯಬಹುದು. ವಿಶಾಲವಾದ ಅಂಗಳದಲ್ಲಿ ಶಂಕುಗಳನ್ನಿಟ್ಟು ಅಂಕುಡೊಂಕಾದ ದಾರಿಯನ್ನು ಗುರುತಿಸುವರು. ಕಾರುಗಳು ಪರಸ್ಪರ ಮೇಲಾಡುವುದಿಲ್ಲ. ಒಂದೊಂದೂ ಗಡಿಯಾರದೊಡನೆ ಸೆಣಸುವುದು. ಶಂಕುವೊಂದು ಉರುಳಿದರೆ 2 ಸೆಕೆಂಡು ದಂಡ. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕವು ಕಾರುಗಳನ್ನು ಅವುಗಳ ಸಾಮರ್ಥ್ಯಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿರುವುದರಿಂದ, ಬಡವನ ಕಾರು ಸಿರಿವಂತನ ಕಾರಿನೆದುರು ನಿಲ್ಲಬೇಕಾಗಿಲ್ಲ.

ಆ ದೇಶದಲ್ಲಿ ನೆಲಸಿರುವ ನಾವು ಕೆಲವು ವರ್ಷಗಳಿಂದ ಈ ಆಟದ ಅಭಿಮಾನಿಗಳು. ಹಳೆಯ ಕಾರು ಸವೆದು ಹೊಸದನ್ನು ಕೊಳ್ಳುವ ಸಂದರ್ಭ ಒದಗಿತು. ಕೂಡಿಟ್ಟ ಹಣ ಒಂದೇ ಕಾರಿಗೆ ಸಾಕಾಗುವಷ್ಟು. ನಮ್ಮ ಕಣ್ಣು ಎರಡರ ಮೇಲೆ ಬಿದ್ದಿತು. 2019ರ ಮಾಜ್ದಾ ಮಿಯಾಟಾ 181 ಅಶ್ವಶಕ್ತಿಯದು, ತೂಕ ಸುಮಾರು 1,060 ಕಿಲೋಗ್ರಾಂ. 2022ರ ಟೊಯೋಟಾ ಜಿಆರ್86 228 ಅಶ್ವಶಕ್ತಿಯದು, ತೂಕ ಸುಮಾರು 1,270 ಕಿಲೋಗ್ರಾಂ. ಭಾಗಿಸಿ ನೋಡಿದರೆ ಒಂದೊಂದು ಅಶ್ವಶಕ್ತಿಯು ಹೊರಬೇಕಾದ ಭಾರ ಮೊದಲನೆಯದರಲ್ಲಿ 5.9 ಕಿಲೋಗ್ರಾಂ, ಎರಡನೆಯದರಲ್ಲಿ 5.6. ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗಕ್ಕೇರಲು ಎರಡಕ್ಕೂ ಸುಮಾರು 6 ಸೆಕೆಂಡು ಬೇಕು.

ಆದರೆ ಅಂಗಳದಲ್ಲಿ ಕಾರು ನಿಂತಲ್ಲಿಂದ ಹೊರಡುವುದು ಒಂದೇ ಸಲವಷ್ಟೆ. ಆಮೇಲಿನದೆಲ್ಲ ತಿರುವಿನಿಂದ ಹೊರಬಿದ್ದು ಮುಂದಿನ ತಿರುವಿನವರೆಗೆ ಧಾವಿಸುವ ಕೆಲಸ. ಬಹುಪಾಲು ಎರಡನೆಯ ಗೇರಿನಲ್ಲಿಯೇ. ಆದಕಾರಣ ನಾವು ಬೇರೊಂದು ಲೆಕ್ಕ ಹಾಕಿದೆವು. ತಿರುವಿನಾಚೆ 40 ಮೀಟರು ನೇರ ದಾರಿಯಿದೆಯೆಂದೂ, ಕಾರಿನ ವೇಗವು ಸೆಕೆಂಡಿಗೆ 4 ಮೀಟರಿನಂತೆ ಏರುವುದೆಂದೂ ಇಟ್ಟುಕೊಳ್ಳೋಣ. ಗಂಟೆಗೆ 45 ಕಿಲೋಮೀಟರು ವೇಗದಲ್ಲಿ ಹೊರಬಿದ್ದರೆ ಆ ದೂರಕ್ಕೆ 2.33 ಸೆಕೆಂಡು ಹಿಡಿಯುವುದು. ವೇಗವೃದ್ಧಿ ನೂರಕ್ಕೆ 5ರಷ್ಟು ಹೆಚ್ಚಿದ್ದರೆ ಉಳಿಯುವುದು 0.02 ಸೆಕೆಂಡು ಮಾತ್ರ. ಅದೇ ಕಾರು 50 ಕಿಲೋಮೀಟರು ವೇಗದಲ್ಲಿ ಹೊರಬಿದ್ದರೆ 0.14 ಸೆಕೆಂಡು ಉಳಿಯುವುದು, ಅಂದರೆ ಸುಮಾರು ಆರು ಪಾಲು ಲಾಭ! ಆ ಲಾಭವನ್ನು ಕೊಡುವುವು ಟೈರಿನ ಹಿಡಿತ, ಕಾರಿನ ಹಗುರತನ, ಎಲ್ಲಕ್ಕೂ ಮಿಗಿಲಾಗಿ ಚಾಲಕನ ಕೈ. ಒಂದು ಶಂಕುವನ್ನು ಕೆಡವಿದರಂತೂ ಇಂಜಿನು ಗಳಿಸಿಕೊಟ್ಟದ್ದೆಲ್ಲವೂ ಕ್ಷಣದಲ್ಲಿ ಹೋಯಿತು.

ಈ ಲೆಕ್ಕವನ್ನೆಲ್ಲ ನಮ್ಮ ಮನೆಯವರ ಮುಂದೆ ಬಿಡಿಸಿಟ್ಟಾಗ ಅವರು ಕೇಳಿದುದು ಒಂದೇ ಮಾತು: “ಎಲ್ಲವೂ ಸರಿಯೇ, ಎರಡೇ ಆಸನದ ಕಾರಿನಲ್ಲಿ ನಾವಿಬ್ಬರು ಕೂತರೆ ಮಗುವನ್ನೆಲ್ಲಿ ಕೂರಿಸುವಿರಿ?” ಮಿಯಾಟಾ ಹಗುರವಾದುದು, ತಿರುವಿನಲ್ಲಿ ಚುರುಕಾದುದು, ಮನಸ್ಸು ಅತ್ತ ಎಳೆದುದು ನಿಜ. ಆದರೂ ಇಕ್ಕಟ್ಟಾದರೂ ಹಿಂದೆರಡು ಆಸನಗಳಿರುವ ಟೊಯೋಟಾವನ್ನೇ ಕೊಂಡೆವು. ಕಾರುಗಳ ನಡುವಣ ಅಂತರ ಕೂದಲೆಳೆಯಷ್ಟಿರುವಾಗ ಸಂಸಾರದ ಅಗತ್ಯವೇ ತೀರ್ಪು ಹೇಳುವುದು ನ್ಯಾಯ. ಉಳಿದ ಕೊರತೆಯನ್ನು ಅಭ್ಯಾಸದಿಂದ ತುಂಬಿಕೊಳ್ಳಬಹುದು; ಪಂದ್ಯಕ್ಕೆ ಮುನ್ನ ದಾರಿಯನ್ನು ಕಾಲ್ನಡಿಗೆಯಲ್ಲಿ ನಾಲ್ಕು ಬಾರಿ ಸುತ್ತಿ ಮನನ ಮಾಡಿಕೊಳ್ಳುವುದಕ್ಕೆ ಕಾಸು ಖರ್ಚಿಲ್ಲ.